ಸೊಲ್ಲು ಬರೆದ ಚಕ್ರಪಾಣಿ

ಎನ್.ಆರ್. ಕಾಲೋನಿಯಲ್ಲಿ ನಮ್ಮ ಹಿಟ್ಟಿನ ಮಿಲ್ಲಿನ ಪಕ್ಕದ ಗೋಡೆ ಮೇಲೆ ಒಂದು ಕಪ್ಪು ಹಲಗೆ ಇದೆ. ಹೋದ ನವೆಂಬರಿನಲ್ಲಿ ಅದರ ಮೇಲೆ ಮೂರು ಸಾಲು ಬರೆದ ತಪ್ಪಿಗೆ ಚಕ್ರಪಾಣಿಯವರನ್ನ ತಲೆ ತಗ್ಗಿಸಿ ಓಡಾಡೋ ಹಾಗೆ ಮಾಡಿಬಿಟ್ಟರು. ಮಾಡಿದೋರು ಎಲ್ಲಿಂದಲೋ ಬಂದವರಲ್ಲ, ಇದೇ ಬೀದಿಯವರು. ಅದಕ್ಕೇ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಚಕ್ರಪಾಣಿಯವರನ್ನ ಎಲ್ಲರೂ ಮೇಷ್ಟ್ರು ಅಂತಲೇ ಕರೆಯೋದು. ಆದರೆ ಅವರು ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಸರ್ಕಾರಿ ಕಚೇರಿಗೆ ಟೈಪಿಸ್ಟ್ ಆಗಿ ಸೇರಿ, ಸೂಪರಿಂಟೆಂಡೆಂಟ್ ಆಗಿ ರಿಟೈರಾದವರು. ಹುಟ್ಟಿದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಅಯ್ಯಂಗಾರರ ಮನೆ. ಒಳಗೆ ಕನ್ನಡ ಬೆರೆತ ತಮಿಳು, ಹೊಸ್ತಿಲು ದಾಟಿದರೆ ಕನ್ನಡ. ನಲ್ಲಿ ಹತ್ತಿರ ಹೋದರೆ ತೆಲುಗು, ಮರಾಠಿ, ಉರ್ದು ಎಲ್ಲಾ ಸೇರಿ ಒಂದು ಬಿಂದಿಗೆ ನೀರಿಗೆ ಜಗಳ ಆಡೋವಂತೆ. ಸ್ಕೂಲಿನಲ್ಲಿ ಹುಡುಗರು "ಕೊಂಗಾ, ಕೊಂಗಾ" ಅಂತ, ತಮಿಳರನ್ನ ಹೀಯಾಳಿಸೋ ಮಾತು ಹಿಡಿದು, ಇವರ ಬೆನ್ನಿಗೆ ಬಿದ್ದಿದ್ದರು.

"ಅಳ್ತಾ ಮನೆಗೆ ಬಂದೆ ಕಣಯ್ಯಾ ಮನೋಹರ," ಅಂತ ಒಂದು ಸಲ ನನಗೆ ಹೇಳಿದರು. "ನಮ್ಮ ತಾತ ಕೂರಿಸಿಕೊಂಡು ಹೇಳಿದ್ರು. ನಾವು ಒಳಗೆ ಕಣ್ಣು ಅಂತೀವಿ, ಅವರು ಹೊರಗೆ ಕಣ್ಣು ಅಂತಾರೆ. ನಾವು ಕಲ್ಲು ಅಂತೀವಿ, ಅವರೂ ಕಲ್ಲು ಅಂತಾರೆ. ಯಾರು ಯಾರ ಮನೆಯಿಂದ ಕದ್ದರು, ಹೋಗಿ ಕೇಳ್ಕೊಂಡು ಬಾ ಅಂತ. ಅವತ್ತು ಕೇಳಕ್ಕೆ ಹೊರಟೋನು, ಇನ್ನೂ ಕೇಳ್ತಾನೇ ಇದೀನಿ."

ಆ ಹಲಗೆಯನ್ನ ಹಾಕಿಸಿದ್ದು ನಮ್ಮ ಬಡಾವಣೆಯ ಕನ್ನಡ ಸಂಘ. ಮೊದಲು ಅದರಲ್ಲಿ ಸಭೆಯ ಸುದ್ದಿ, ಇಲ್ಲವೇ ಯಾರೋ ತೀರಿಕೊಂಡ ಸುದ್ದಿ ಮಾತ್ರ ಇರುತ್ತಿತ್ತು. ರಿಟೈರಾದ ಮೇಲೆ ಮೇಷ್ಟ್ರು ದಿನಾ ಬೆಳಿಗ್ಗೆ ಮಂಕಿ ಟೋಪಿ ಹಾಕಿಕೊಂಡು ಬಂದು, ಒಂದು ಪದ, ಅದು ಎಲ್ಲಿಂದ ಬಂತು, ಏನು ಅರ್ಥ ಅಂತ ಬರೆಯೋಕೆ ಶುರು ಮಾಡಿದರು. ಗೊತ್ತಿಲ್ಲದ್ದನ್ನ ಗೊತ್ತು ಅಂತ ಬರೆಯೋ ಜಾತಿ ಅಲ್ಲ. ಒಂಚೂರು ಅನುಮಾನ ಇದ್ದರೂ ಕೊನೆಗೆ ದೊಡ್ಡದೊಂದು ಪ್ರಶ್ನೆ ಚಿಹ್ನೆ. ರಾಗಿ, ಗೋಧಿ ಬೀಸಿಸೋಕೆ ಬಂದ ಹೆಂಗಸರು ಡಬ್ಬ ಇಟ್ಟು ಓದೋರು, ತಿರುಗಿ ಅವರನ್ನೇ ರೇಗಿಸೋರು.

ನವೆಂಬರ್ ಬಂದಾಗ ಮೇಷ್ಟ್ರು, "ಈ ತಿಂಗಳು ಪೂರ್ತಿ ಭಾಷೆಗೆ ಸೇರಿದ ಪದಗಳನ್ನೇ ಬರೀತೀನಿ," ಅಂದರು. ಲಿಪಿ ಅಂತ ಬರೆದರು. ಲಿಪಿ ಅಂದರೆ ಮೂಲದಲ್ಲಿ ಬಳಿಯೋದು, ಲೇಪ ಅನ್ನೋದೂ ಅದೇ ಮನೆತನ.

"ಹಾಗಾದ್ರೆ ನಮ್ಮನೆ ಗೋಡೆ ತುಂಬಾ ಲಿಪೀನೇ ಮೇಷ್ಟ್ರೇ!" ಅಂದಳು ಜ್ಯೋತಿಲಕ್ಷ್ಮಿ. ಮೂಲೆ ಮನೆಯವಳು, ಬಾಯಿ ಜೋರು, ಮನಸ್ಸು ಒಳ್ಳೇದು. "ಮೊಮ್ಮಗಳು ಕ್ರೇಯಾನ್ ತಗೊಂಡು ಬಳಿದೂ ಬಳಿದೂ ಇಟ್ಟಿದಾಳೆ. ಮೊದಲು ನೀವು ಬಂದು ಅವಳ ಕೈಲಿ ನೆಟ್ಟಗೆ ನಾಲ್ಕಕ್ಷರ ಬರೆಸಿ. ದಿನ ನೋಡಿಸ್ತಿದೀನಿ."

ಇದು ನಮ್ಮ ಬೀದಿಯಲ್ಲಿ ನಡೆದುಕೊಂಡು ಬಂದಿದ್ದು. ಮಕ್ಕಳಿಗೆ ಅಕ್ಷರಾಭ್ಯಾಸ ಅಂದರೆ ಪುರೋಹಿತರು ಪೂಜೆ ಮಾಡಬಹುದು, ಆದರೆ ಮಗುವಿನ ಬೆರಳು ಹಿಡಿದು ತಟ್ಟೆಯ ಅಕ್ಕಿ ಮೇಲೆ ಮೊದಲ ಅಕ್ಷರ ಬರೆಸೋದು ಮೇಷ್ಟ್ರೇ. ಅವರ ಕೈಗುಣ ಚೆನ್ನಾಗಿದೆ ಅಂತ ನಂಬಿಕೆ. ನನ್ನ ಎರಡೂ ಮಕ್ಕಳಿಗೆ ಅವರೇ ಬರೆಸಿದ್ದು.

ಆಮೇಲೆ ಓದು ಬಂತು. ಹಿಂದೆ ಓದು ಅಂದರೆ ಗಟ್ಟಿಯಾಗಿ ಹೇಳೋದಂತೆ. ಮದುವೆ ಮನೆಯಲ್ಲಿ ಉಡುಗೊರೆ 'ಓದಿಸ್ತೀವಿ' ಅಂತೀವಲ್ಲ, ಇಂಥವರಿಂದ ಇಂಥದ್ದು ಅಂತ ಕೂಗೋದು, ಆ ಹಳೇ ಅರ್ಥ ಅಲ್ಲಿ ಉಳಿದುಕೊಂಡಿದೆ ಅಂತ ಬರೆದು ಪ್ರಶ್ನೆ ಚಿಹ್ನೆ ಹಾಕಿದರು. ಮಾತು ಬಂತು. ಅದು 'ಮಾರು' ಅನ್ನೋದರ ಬಳಗ, ಮಾರು ಅಂದರೆ ಬದಲು, ಮಾರುತ್ತರ ಅನ್ನಲ್ವೇ? ಒಬ್ಬ ಆಡಿದ್ದಕ್ಕೆ ಇನ್ನೊಬ್ಬ ಬದಲು ಕೊಟ್ಟರೇನೇ ಅದು ಮಾತು ಅಂತ ಬಾಯಲ್ಲೂ ವಿವರಿಸಿದರು.

"ಅಂಗಾರೆ ನಮ್ಮನೇಲಿ ನಡೆಯೋದು ಮಾತೇ ಅಲ್ಲ ಬಿಡಿ," ಅಂದೆ. "ನಂದು ಬದಲೇ ಇರಲ್ಲ."

ಮಾರನೇ ದಿನ ಬರೆದಿದ್ದು ಸೊಲ್ಲು. ಹಲಗೆ ಮೇಲೆ ಇದ್ದದ್ದು ಇಷ್ಟು:

ಸೊಲ್ಲು: ಮಾತು, ನುಡಿ. 'ಸೊಲ್ಲೆತ್ತಬೇಡ' ಎನ್ನುತ್ತೇವಲ್ಲ, ಅದೇ.
ತಮಿಳಿನ 'ಸೊಲ್' ಇದರ ಒಡಹುಟ್ಟು.
ಎರಡೂ ಒಂದೇ ಹಳೆಯ ಬೇರಿನಿಂದ ಬಂದವು.

ಪ್ರಶ್ನೆ ಚಿಹ್ನೆ ಇರಲಿಲ್ಲ.

ಮಧ್ಯಾಹ್ನದೊಳಗೆ ಅದರ ಫೋಟೋ ವಾಟ್ಸಾಪಿನಲ್ಲಿ ಎಲ್ಲಾ ಕಡೆ ಓಡಾಡಿತು. ಕೆಳಗೆ ಯಾರೋ ಬರೆದಿದ್ದರು, 'ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡದ ಹಲಗೆ ಮೇಲೆ ತಮಿಳಿನ ಗುಣಗಾನ.' ಸಾಯಂಕಾಲ ಸಂಘದ ಕಾರ್ಯದರ್ಶಿ ಕುಶಾಲ್ ಬೈಕಿನಲ್ಲಿ ಬಂದ, ಹಿಂದೆ ನಾಲ್ಕೈದು ಹುಡುಗರು. ಕುಶಾಲ್ ಬೇರೆ ಯಾರೂ ಅಲ್ಲ, ಜ್ಯೋತಿಲಕ್ಷ್ಮಿಯ ಮಗ. ಮನೆ, ಸೈಟು ವ್ಯಾಪಾರ ಮಾಡ್ತಾನೆ, ಮುಂದೆ ಕಾರ್ಪೊರೇಷನ್ನಿಗೆ ನಿಲ್ಲೋ ಆಸೆ. ಮೇಷ್ಟ್ರು ಆಗ ಮಿಲ್ಲಿನ ಬೆಂಚಿನ ಮೇಲೆ ಕೂತಿದ್ದರು.

"ಸರ್, ಏನ್ ಸರ್ ಇದು?" ಅಂದ.

"ಏನಪ್ಪಾ, ಕಾಗುಣಿತ ತಪ್ಪಾಗಿದೆಯಾ?"

"ತಮಾಷೆ ಬೇಡ ಸರ್. ನಾವು ಒಂದೊಂದು ಅಂಗಡಿ ಬೋರ್ಡಿಗೂ ಹೊಡೆದಾಡ್ತಿದೀವಿ. ಬ್ಯಾಂಕಿಗೆ ಹೋದ್ರೆ ನಮ್ಮಮ್ಮನಿಗೆ ಕನ್ನಡದಲ್ಲಿ ಉತ್ತರ ಕೊಡೋರಿಲ್ಲ. ಅಂಥದ್ರಲ್ಲಿ ನಮ್ಮ ಬೋರ್ಡಲ್ಲೇ ನೀವು ತಮಿಳು ತಂದು ಕೂರಿಸ್ತೀರಾ? ನಾಳೆ ಅವರು ಇದೇ ಫೋಟೋ ತೋರಿಸಿ, ನೋಡ್ರಪ್ಪಾ, ಕನ್ನಡದೋರೇ ಒಪ್ಕೊಂಡ್ರು, ನಮ್ಮಿಂದ ಹುಟ್ಟಿದ್ದು ಅಂತಾರೆ."

"ಒಡಹುಟ್ಟು ಅಂತ ಬರೆದಿದೀನಿ. ಹೆತ್ತಮ್ಮ ಅಂತ ಬರೆದಿಲ್ಲ."

"ಜನ ಅಷ್ಟೆಲ್ಲಾ ಓದಲ್ಲ ಸರ್."

ಹಿಂದೆ ನಿಂತಿದ್ದ ಒಬ್ಬ ಹುಡುಗ ಕಿಸಕ್ಕನೆ ನಕ್ಕ. "ಮನೆಮಾತು ಹೊರಗೆ ಬರ್ತಿದೆ ಗುರು. ಏನ್ ಮಾಡಕ್ಕಾಗುತ್ತೆ, ರಕ್ತ!"

ನನ್ನ ಕೈಯಲ್ಲಿ ಕಬ್ಬಿಣದ ಸೇರು ಇತ್ತು. ಅದನ್ನ ಎತ್ತಿಕೊಂಡು ಹೊರಗೆ ಬಂದೆ. "ಯಾವನೋ ಅವನು? ಇನ್ನೊಂದು ಸಲ ಹೇಳೋ ನೋಡೋಣ!" ಅಂದೆ. ಕುಶಾಲ್ ಮಧ್ಯೆ ಬಂದು, "ಮನೋಹರಣ್ಣ, ನೀನು ನಡಿ, ಮಿಲ್ಲು ನೋಡ್ಕೋ," ಅಂದ. ಮೇಷ್ಟ್ರು ಬೆಂಚಿನಿಂದ ಎದ್ದೇಳಲಿಲ್ಲ. ಆ ಹುಡುಗನನ್ನೇ ನೋಡುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯನ ಮುಖ ಚಾಮರಾಜಪೇಟೆಯ ಸ್ಕೂಲು ಹುಡುಗನ ಮುಖ ಆಗಿಹೋಗಿತ್ತು.

ಕುಶಾಲ್ ತನ್ನ ತೀರ್ಮಾನ ಹೇಳಿದ. ಬರೋ ಭಾನುವಾರ ಸಂಘದ ರಾಜ್ಯೋತ್ಸವ. ಮೇಷ್ಟ್ರಿಗೆ ಸನ್ಮಾನ ಅಂತ ಮೊದಲೇ ಗೊತ್ತು ಮಾಡಿಯಾಗಿದೆ, ಕರಪತ್ರದಲ್ಲಿ ಹೆಸರೂ ಬಂದಿದೆ. ವೇದಿಕೆ ಹತ್ತಿ, ನಾನು ಬರೆದದ್ದು ಸುಳ್ಳು ಅಂತ ಮೈಕಿನಲ್ಲಿ ಹೇಳಬೇಕು. ಆಮೇಲೆ ಎಲ್ಲರ ಮುಂದೆ ಬಂದು ತಮ್ಮ ಕೈಯಾರೆ ಹಲಗೆ ಒರೆಸಬೇಕು. ಅಲ್ಲೀವರೆಗೂ ಅದನ್ನ ಯಾರೂ ಮುಟ್ಟಕೂಡದು. ಹೀಗೆ ಮಾಡಿದರೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಇಲ್ಲದಿದ್ದರೆ ಹಲಗೆ ಕಿತ್ತು ಹಾಕ್ತಾರೆ.

"ಹಲಗೆ ಕೀಳೋದು ನನ್ನ ಕೈಲಿದೆ ಸರ್," ಅಂದ. "ಈ ಹುಡುಗರು ಆಮೇಲೆ ಏನ್ ಮಾಡ್ತಾರೋ, ಅದು ನನ್ನ ಕೈಲಿಲ್ಲ."

ಮೇಷ್ಟ್ರ ಮನೆ ಅಲ್ಲೇ ಹಿಂದಿನ ಅಡ್ಡರಸ್ತೆಯಲ್ಲಿ, ಬೀದಿಗೇ ಕಿಟಕಿ. ಹೆಂಡತಿ ಅಲಮೇಲು ಅವರು ಹುಟ್ಟಿದ್ದು ಮಲ್ಲೇಶ್ವರದಲ್ಲಿ, ಅವರ ಅಜ್ಜಿ ಹುಟ್ಟಿದ್ದೂ ಮಲ್ಲೇಶ್ವರದಲ್ಲಿ. ಆದರೂ ಆವತ್ತಿಂದ ಹೆದರಿಬಿಟ್ಟರು. ಕಾವೇರಿ ಗಲಾಟೆಯಲ್ಲಿ ಊರು ಹೊತ್ತಿ ಉರಿದದ್ದನ್ನ ಕಣ್ಣಾರೆ ಕಂಡವರು. ಗಂಡನ ಹತ್ತಿರ ಮನೆಮಾತು ಆಡೋ ಮೊದಲು ಎದ್ದು ಹೋಗಿ ಕಿಟಕಿ ಹಾಕೋರು. ತರಕಾರಿಯವನ ಹತ್ತಿರ ಎರಡು ಮಾತಾಡಬೇಕಾದರೂ ಪುಸ್ತಕದ ಕನ್ನಡ. ಗೋಧಿ ತಂದಾಗ ನನ್ನ ಹತ್ತಿರ ಮೆಲ್ಲಗೆ ಹೇಳಿದರು, "ನೀವಾದ್ರೂ ಬುದ್ಧಿ ಹೇಳಿ ಮನೋಹರ್. ಒಂದು ಮಾತು ಅಂದ್ಬಿಟ್ರೆ ಮುಗೀತಲ್ಲ. ಈ ವಯಸ್ಸಲ್ಲಿ ನಾವು ಎಲ್ಲಿಗೆ ಹೋಗೋಣ?"

ಬುದ್ಧಿ ಹೇಳೋಕೆ ನನಗೆ ಬರಲ್ಲ. ಬರೋದು ಜಗಳ. ಮೇಷ್ಟ್ರು ಸಿಕ್ಕಿದಾಗ, "ಏನಂತ ತೀರ್ಮಾನ ಮಾಡಿದ್ರಿ?" ಅಂದೆ.

"ಅಲಮೇಲುಗೆ ಆಗ್ಲಿ ಅಂದಿದೀನಿ. ಭಾನುವಾರ ಹೇಳಿ ಮುಗಿಸ್ತೀನಿ."

"ಏನು, ಸುಳ್ಳು ಅಂತಲಾ?"

"ಹ್ಞೂ."

"ಸುಳ್ಳಾ ಅದು?"

"ಅಲ್ಲ."

ನನಗೆ ತಡೆಯೋಕಾಗಲಿಲ್ಲ. "ಥೂ! ಇಷ್ಟು ವರ್ಷ ಆ ಹಲಗೆ ಓದಿದೆನಲ್ಲಾ, ನಾನೆಂಥ ಮುಠ್ಠಾಳ! ಆ ಪಡ್ಡೆ ಹುಡುಗರಿಗೆ ಹೆದರಿ ಇಲ್ಲ ಅನ್ನೋದಾದ್ರೆ ಬರೆದಿದ್ದೇನಕ್ಕೆ? ನಿಮ್ಮನೆ ಗೋಧಿ ಇನ್ನು ಮೇಲೆ ಬೇರೆ ಕಡೆ ಬೀಸಿಸ್ಕೊಳ್ಳಿ!"

ಅವರಿಗೆ ಸಿಟ್ಟು ಬರಲಿಲ್ಲ. "ಅವಳಿಗೆ ನಿದ್ದೆ ಇಲ್ಲ ಕಣಯ್ಯಾ. ಗೇಟು ಕಿರ್ ಅಂದ್ರೆ ಎದ್ದು ಕೂರ್ತಾಳೆ. ನನಗೆ ಒಂದು ಪದ ಬೇಕು, ಅವಳಿಗೆ ಬೀದೀಲಿ ಬದುಕಕ್ಕೆ ಒಂದು ಮನೆ ಬೇಕು. ನೀನೇ ತಕ್ಕಡಿ ಹಿಡಿಯೋನು. ಯಾವುದು ಜಾಸ್ತಿ ತೂಗುತ್ತೆ, ಹೇಳು." ನಾನು ಹೋಗಿ ಮಿಲ್ಲು ಶುರು ಮಾಡಿದೆ. ಗೋಧಿ ಬೀಸಿ ಕೊಟ್ಟೆ.

ಅಷ್ಟರಲ್ಲಿ ಇನ್ನೊಂದು ಸಂಕಟ ಬಂತು. ಜ್ಯೋತಿಲಕ್ಷ್ಮಿ ಮೊಮ್ಮಗಳ ಅಕ್ಷರಾಭ್ಯಾಸಕ್ಕೆ ನೋಡಿಸಿದ್ದ ದಿನ ಅದೇ ಶುಕ್ರವಾರ. ನೆಂಟರನ್ನೆಲ್ಲಾ ಕರೆದಾಗಿತ್ತು. ಮಗ ಬೇರೆಯವರನ್ನ ಕರೆಯೋಣ ಅಂದನಂತೆ. "ನಿನ್ನ ಸಂಘದ ಜಗಳ ಸಂಘದಲ್ಲಿಟ್ಕೋ," ಅಂದಳಂತೆ ಇವಳು. "ನಿನಗೆ ಅಕ್ಷರ ಬರೆಸಿದ್ದೂ ಅವರೇ. ನನ್ನ ಮೊಮ್ಮಗಳಿಗೂ ಅವರೇ ಬರೆಸಬೇಕು." ತಾನೇ ಮೇಷ್ಟ್ರ ಮನೆಗೆ ಹೋಗಿ ಅರಿಶಿನ ಕುಂಕುಮ ಕೊಟ್ಟು ಗಂಡ ಹೆಂಡತಿ ಇಬ್ಬರನ್ನೂ ಕರೆದಳು. ನನ್ನನ್ನೂ ಕರೆದಳು. ಹೋಗಬಾರದು ಅಂತಿದ್ದೆ, ಆದರೆ ಮೇಷ್ಟ್ರನ್ನ ಆ ಮನೆಗೆ ಒಬ್ಬರನ್ನೇ ಕಳಿಸೋಕೆ ಮನಸ್ಸು ಬರಲಿಲ್ಲ.

ನಡುಮನೆಯಲ್ಲಿ ಮಣೆ. ಸರಸ್ವತಿ ಪಟದ ಮುಂದೆ ಬೆಳ್ಳಿ ತಟ್ಟೆಯ ತುಂಬ ಅಕ್ಕಿ, ಅದರ ಮೇಲೆ ಅರಿಶಿನದ ಕೊನೆ. ಮಗು ಆರಾಧನಾ ರೇಷ್ಮೆ ಲಂಗ ಹಾಕಿಕೊಂಡು ಅಪ್ಪನ ತೊಡೆ ಮೇಲೆ ಕೂತಿತ್ತು. ಶಾಸ್ತ್ರ ಹಾಗೆ, ಅಪ್ಪನ ತೊಡೆ ಮೇಲೆ ಕೂತೇ ಮಗು ಬರೆಯಬೇಕು. ಹಾಗಾಗಿ ಕುಶಾಲ್ ಪಂಚೆ ಉಟ್ಟು ಕೂತಿದ್ದ, ಎದುರಿಗೆ ಚಕ್ರಪಾಣಿ ಮೇಷ್ಟ್ರು. ಇಬ್ಬರ ಮಧ್ಯೆ ಒಂದು ತಟ್ಟೆ ಅಕ್ಕಿ ಅಷ್ಟೇ. ಬಾಗಿಲ ಹತ್ತಿರ ಸಂಘದ ಹುಡುಗರು ತಿಂಡಿಗೆ ಕಾಯುತ್ತಾ ನಿಂತಿದ್ದರು, ಅವತ್ತು ಕಿಸಕ್ಕನೆ ನಕ್ಕವನೂ ಅವರಲ್ಲಿದ್ದ. ಅಲಮೇಲು ಅವರು ಹೆಂಗಸರ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದರು.

ಪುರೋಹಿತರು ಮಂತ್ರ ಮುಗಿಸಿ ಗಡಿಯಾರ ನೋಡಿದರು. "ಹ್ಞಾ, ಬರೆಸಿ. ಒಳ್ಳೇ ಘಳಿಗೆ ಇನ್ನು ಸ್ವಲ್ಪವೇ ಉಳಿದಿರೋದು."

ಕುಶಾಲ್ ಮಗಳ ಪುಟ್ಟ ಬೆರಳುಗಳ ಮಧ್ಯೆ ಅರಿಶಿನದ ಕೊನೆ ಸಿಕ್ಕಿಸಿ, ಕೈಯನ್ನ ಮುಂದಕ್ಕೆ ಚಾಚಿಸಿದ. ಮೇಷ್ಟ್ರು ಹಿಡಿಯಲಿಲ್ಲ. ಅವರ ಕೈ ತೊಡೆ ಮೇಲೇ ಇತ್ತು.

"ಮೇಷ್ಟ್ರೇ?" ಅಂದಳು ಜ್ಯೋತಿಲಕ್ಷ್ಮಿ.

"ಒಂದು ನಿಮಿಷ ತಾಯಿ." ಆಮೇಲೆ ಕುಶಾಲನ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ಕುಶಾಲ್, ನಾಡಿದ್ದು ಭಾನುವಾರ ನಾನು ಬರೆದಿದ್ದು ಸುಳ್ಳು ಅಂತ ನನ್ನ ಬಾಯಲ್ಲೇ ಹೇಳಿಸ್ತೀಯ. ಹೇಳ್ತೀನಿ ಅಂತ ಒಪ್ಪಿಕೊಂಡೂ ಇದೀನಿ. ಆದ್ರೆ ಇವತ್ತು ಶುಕ್ರವಾರ. ಸುಳ್ಳು ಬರೆಯೋನ ಕೈಗೆ ನಿನ್ನ ಮಗೂ ಕೈ ಯಾಕಪ್ಪಾ ಕೊಡ್ತಿದೀಯ?"

ಒಳಗೆ ಅಡಿಗೆಯವರ ಪಾತ್ರೆ ಸದ್ದೂ ಕೇಳಿಸುತ್ತಿತ್ತು.

"ಸರ್, ಇಲ್ಲಿ ಅದೆಲ್ಲಾ ಬೇಡ," ಅಂದ ಕುಶಾಲ್, ಹಲ್ಲು ಕಚ್ಚಿಕೊಂಡು. "ಮಗೂ ಶಾಸ್ತ್ರ ಇದು."

"ಅದಕ್ಕೇ ಕೇಳ್ತಿರೋದು. ನಾನು ಬರೆಯೋದು ಸುಳ್ಳು ಅಂತ ನಿನಗೆ ನಿಜವಾಗಿ ಅನಿಸಿದ್ರೆ ಮಗೂನ ಹಿಂದಕ್ಕೆ ತಗೋ. ನನಗೆ ಬೇಜಾರಿಲ್ಲ, ಬೇರೆ ಕೈ ಸಿಗುತ್ತೆ. ಅನಿಸದಿದ್ರೆ ಅದನ್ನ ಹೇಳು. ಎರಡೂ ನಡೆಯಲ್ಲ."

"ಮೇಷ್ಟ್ರು ಬ್ಲಾಕ್‌ಮೇಲ್ ಮಾಡ್ತಾವ್ರೆ ಗುರು!" ಅಂತ ಬಾಗಿಲಿನಿಂದ ಒಂದು ದನಿ ಬಂತು. ನಾನು ಅರ್ಧ ಎದ್ದಿದ್ದೆ. ಪಕ್ಕದವರು ಅಂಗಿ ಹಿಡಿದು ಕೂರಿಸಿದರು.

"ಘಳಿಗೆ ಮೀರುತ್ತೆ," ಅಂದರು ಪುರೋಹಿತರು.

ಮೇಷ್ಟ್ರು ಒಂದೇ ಒಂದು ಸಲ ತಲೆ ತಿರುಗಿಸಿ ಹೆಂಡತಿಯ ಕಡೆ ನೋಡಿದರು. ಅವರು ಆಗ್ಲಿ ಅಂತ ಒಪ್ಪಿದ್ದು ಆ ಹೆಂಗಸಿಗೆ. ಆಕೆ ಬೇಡ ಅಂತ ಕಣ್ಣಲ್ಲಿ ಒಂದು ಸನ್ನೆ ಮಾಡಿದ್ದರೆ ಸಾಕಿತ್ತು, ಮೇಷ್ಟ್ರು ಸುಮ್ಮನೆ ಬೆರಳು ಹಿಡಿದು ಬರೆಸಿ ಎದ್ದು ಬಂದುಬಿಡುತ್ತಿದ್ದರು, ನನಗೆ ಗೊತ್ತು. ಅಲಮೇಲು ಅವರು ಸೆರಗಿನ ತುದಿಯನ್ನ ಬೆರಳಿಗೆ ಸುತ್ತೋರು, ಬಿಚ್ಚೋರು.

"ಕುಶಾಲ್," ಅಂದರು ಕೊನೆಗೆ. ಪುಸ್ತಕದ ಕನ್ನಡ ಇರಲಿಲ್ಲ. "ಅವರು ಕೇಳಿದ್ದಕ್ಕೆ ಉತ್ತರ ಕೊಟ್ಬಿಡಪ್ಪ. ಮಗು ಕೈ ನೋಯುತ್ತೆ."

ಮಗುವಿಗೆ ನಿಜವಾಗಲೂ ಸಾಕಾಗಿತ್ತು. "ಅಪ್ಪಾ, ಬರೀಲಾ?" ಅಂತು. ಕುಶಾಲ್ ಬಾಗಿಲ ಕಡೆ ನೋಡಿದ, ಅಲ್ಲಿ ಅವನ ಹುಡುಗರು. ಅಮ್ಮನ ಕಡೆ ನೋಡಿದ. ಜ್ಯೋತಿಲಕ್ಷ್ಮಿ, ಅಷ್ಟು ಬಾಯಿ ಇರೋಳು, ಅವತ್ತು ಬಾಯಿ ಬಿಡಲಿಲ್ಲ. ಮಗನ ಎದುರಿಗೆ ಬಂದು ಕೂತು, ಮೊಮ್ಮಗಳನ್ನ ತನ್ನ ತೊಡೆಗೆ ತಗೊಳ್ಳೋ ಹಾಗೆ ಎರಡೂ ಕೈ ಚಾಚಿದಳು.

ಕುಶಾಲನಿಗೆ ಅರ್ಥವಾಯಿತು. ಹಾಗೇನಾದರೂ ಆಗಿದ್ದರೆ ಅಪ್ಪ ಬದುಕಿದ್ದೂ ಅಜ್ಜಿ ತೊಡೆ ಮೇಲೆ ಅಕ್ಷರ ಬರೆದ ಮಗು ಅಂತ ನೆಂಟರೆಲ್ಲಾ ಸಾಯೋತನಕ ಆಡಿಕೊಳ್ಳೋರು. ಮಗಳನ್ನ ಗಟ್ಟಿಯಾಗಿ ತಬ್ಬಿಕೊಂಡ. ಅವನ ಕಿವಿ ಕೆಂಪಾಗಿತ್ತು.

"ಸುಳ್ಳಲ್ಲ," ಅಂದ. "ಸುಳ್ಳು ಅಂತ ನಾನು ಯಾವತ್ತೂ ಅಂದ್ಕೊಂಡಿರ್ಲಿಲ್ಲ ಸರ್. ಇಲ್ಲಿ ಬರೀಬಾರ್ದಿತ್ತು ಅಂದ್ಕೊಂಡೆ. ಈಗ್ಲೂ ಹಾಗೇ ಅಂದ್ಕೊಂಡಿದೀನಿ. ಬರೆಸಿ."

ನಾನಾಗಿದ್ದರೆ ಅದನ್ನೇ ಇನ್ನೊಂದು ಸಲ ಗಟ್ಟಿಯಾಗಿ ಹೇಳಿಸುತ್ತಿದ್ದೆ, ಬಾಗಿಲಲ್ಲಿದ್ದೋರಿಗೂ ಕೇಳಿಸೋ ಹಾಗೆ. ಮೇಷ್ಟ್ರು ಹೇಳಿಸಲಿಲ್ಲ. "ಸರಿ, ಅದರ ಮೇಲೆ ಜಗಳ ಆಡಬಹುದು," ಅಂದು ಮಗುವಿನ ಕೈ ಹಿಡಿದರು. ಅರಿಶಿನದ ಕೊನೆ ಅಕ್ಕಿಯಲ್ಲಿ ಓಡಿತು. ಮೊದಲು ಓಂ, ಆಮೇಲೆ ಅ. ಅ ಬರೆಯುವಾಗ ಮಗು ಕೈ ಕಿತ್ತುಕೊಂಡು ತಾನೇ ಒಂದು ಸುರುಳಿ ಎಳೆಯಿತು. ಅಕ್ಕಿ ತಟ್ಟೆಯಾಚೆ ಚೆಲ್ಲಿ ಅಪ್ಪನ ಪಂಚೆ ಮೇಲೆ ಬಿತ್ತು. ಪುರೋಹಿತರು, "ಆಯ್ತು, ಆಯ್ತು, ಘಳಿಗೆಯೊಳಗೇ ಆಯ್ತು," ಅಂತ ಆರತಿ ತಟ್ಟೆ ಎತ್ತಿಕೊಂಡರು. ಬಾಗಿಲ ಹತ್ತಿರ ತಿಂಡಿಗೆ ನಿಂತಿದ್ದ ಹುಡುಗರಲ್ಲಿ ಇಬ್ಬರು ತಿನ್ನದೇ ಹೋದರು.

ಭಾನುವಾರದ ಕಾರ್ಯಕ್ರಮಕ್ಕೆ ಮೇಷ್ಟ್ರೂ ಅಲಮೇಲು ಅವರೂ ಬಂದರು, ಕೊನೇ ಸಾಲಿನಲ್ಲಿ ಕೂತರು. ಕರಪತ್ರದಲ್ಲಿ ಹೆಸರಿದ್ದರೂ ವೇದಿಕೆಗೆ ಯಾರೂ ಕರೆಯಲಿಲ್ಲ. ಸುಳ್ಳು ಅಂತ ಹೇಳಿಸೋಕೂ ಕರೆಯಲಿಲ್ಲ, ಶಾಲಿಗೂ ಕರೆಯಲಿಲ್ಲ. ಕುಶಾಲ್ ಮೈಕಿನಲ್ಲಿ ಬೇರೆಲ್ಲಾ ಮಾತಾಡಿದ. ಅವನ ಹುಡುಗರು ಎರಡು ಗುಂಪಾಗಿ ನಿಂತಿದ್ದರು, ಒಂದು ಗುಂಪು ಅವನ ಕಡೆ ತಿರುಗಿಯೂ ನೋಡಲಿಲ್ಲ. ಉಪ್ಪಿಟ್ಟು ಹಂಚುವಾಗ ಅವನೇ ಎರಡು ದೊನ್ನೆ ತಂದು, "ತಗೊಳ್ಳಿ ಸರ್, ಅಮ್ಮಾ ತಗೊಳ್ಳಿ," ಅಂದು ಹೋದ. ನನಗೆ ಆ ದೊನ್ನೆ ಅವನ ಮುಖಕ್ಕೇ ಎಸೆಯೋಣ ಅನ್ನಿಸಿತ್ತು. ಅವರಿಬ್ಬರೂ ತಿಂದರು. ಉಪ್ಪು ಕಮ್ಮಿ ಅಂದರು ಅಲಮೇಲು ಅವರು.

ಬೀದಿಯ ಒಂದಷ್ಟು ಮನೆಯವರು ಇವತ್ತಿಗೂ ಮೇಷ್ಟ್ರ ಹತ್ತಿರ ಮಾತಾಡಲ್ಲ. ಕೆಲವರು ಹಿಟ್ಟು ಬೀಸಿಸೋಕೆ ಮಾವಳ್ಳಿ ಕಡೆ ಹೋಗ್ತಾರೆ. ಹೋಗಲಿ, ಡಬ್ಬ ಹೊತ್ತು ತೋಳು ನೋಯೋದು ಅವರಿಗೆ.

ಸೋಮವಾರ ಬೆಳಿಗ್ಗೆ ನಾನು ಮಿಲ್ಲಿನ ಬಾಗಿಲು ತೆಗೆಯೋ ಹೊತ್ತಿಗೆ ಮೇಷ್ಟ್ರು ಆಗಲೇ ಬಂದಿದ್ದರು, ಪಕ್ಕದಲ್ಲಿ ಅಲಮೇಲು ಅವರು ಚೆಂಬಿನಲ್ಲಿ ನೀರು ಹಿಡಿದುಕೊಂಡು ನಿಂತಿದ್ದರು. ನೋಡುತ್ತಿದ್ದ ಹಾಗೇ ಮೇಷ್ಟ್ರು ಒದ್ದೆ ಬಟ್ಟೆಯಿಂದ 'ಸೊಲ್ಲು' ಒರೆಸೋಕೆ ಶುರು ಮಾಡಿದರು. ನಾನು ಓಡಿದೆ.

"ಏನ್ ಮಾಡ್ತಿದೀರಾ ಮೇಷ್ಟ್ರೇ? ಅಷ್ಟೆಲ್ಲಾ ಆಗಿ ಈಗ ನೀವೇ ಅಳಿಸ್ತಿದೀರಲ್ಲಾ!"

"ಒಂದು ವಾರದಿಂದ ಅದೇ ಪದ ಇದೆಯಲ್ಲಯ್ಯಾ. ಓದಿದೋರೇ ಎ‌ಷ್ಟು ಸಲ ಓದ್ತಾರೆ?" ಅಂದರು. ಹಲಗೆ ಆರುವವರೆಗೂ ನಿಂತು, ಸೀಮೆಸುಣ್ಣ ತೆಗೆದು, 'ವ್ಯಾಕರಣ: ಬಿಡಿಸಿ ನೋಡುವುದು' ಅಂತ ಬರೆಯೋಕೆ ಹತ್ತಿದರು.